ಕಸದ ಗಾಡಿಯ ಸರ್ಕಾರ

ಶ್ರೀನಿವಾಸಪುರ
ಮಾರ್ಚ್ 9, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಿಗದೆ ಕೆಳಗೆ ನಿಂತಿರುವ ಇನ್ನೂ ಗಣ್ಯರೇ, ಮತ್ತು ಮೈಸೂರಿನ ಹಾಸ್ಟೆಲಿನಲ್ಲಿ ಮಂಚದ ಮೇಲೆ ಕಾಲು ಚಾಚಿರುವ ನನ್ನ ಏಕೈಕ ಪುತ್ರಿ ಮೌನಿಕಾಳೇ,

ಹೇಗಿದ್ದೀಯ ಮಗಳೇ? ನೆಗಡಿ ಹೋಯಿತೇ? ನಾನು ಚೆನ್ನಾಗಿದ್ದೇನೆ. ಸಾರಿಗೆ ಉಪ್ಪು ಎರಡು ಸಲ ಹಾಕುವುದನ್ನು ಬಿಟ್ಟಿದ್ದೇನೆ, ಈಗ ಮರೆತೇಬಿಡುತ್ತೇನೆ.

ಕಾಲೇಜಿನ ಪ್ರಬಂಧಕ್ಕೆ ಕಥೆ, ಸಿನಿಮಾಗಳ ಸರ್ವಾಧಿಕಾರಿ ಸರ್ಕಾರಗಳನ್ನು ಹೋಲಿಸಬೇಕು, ನಿನಗೆ ಹೊಳೆದದ್ದು ಬರಿಯಪ್ಪ ಅಂತ ನೀನು ಕೇಳಿದ್ದೆ. ಕನ್ನಡ ಮಾಧ್ಯಮದ ಬಿ.ಎ. ಅಪ್ಪನಿಗೆ ಹೊಳೆದದ್ದು ಇಷ್ಟು: ಸಿನಿಮಾದಲ್ಲಿ ಬೂಟು, ಕಾದಂಬರಿಯಲ್ಲಿ ಡೌಟು. ಸಿನಿಮಾದ ಸರ್ಕಾರಕ್ಕೆ ಖರ್ಚು ಜಾಸ್ತಿ: ಸರ್ಚ್‌ಲೈಟು, ಕರೀ ಕೋಟು, ಒಂದೇ ಬಣ್ಣದ ಬಟ್ಟೆ ತೊಟ್ಟ ಸಾವಿರ ಜನ. ಕಾದಂಬರಿಯ ಸರ್ಕಾರಕ್ಕೆ ಇದ್ಯಾವುದೂ ಬೇಡ. ತಲೆಯೊಳಗೇ ಬಂದು ಕೂರುತ್ತದೆ, ಮನುಷ್ಯ ತನ್ನ ಅಡುಗೆಮನೆಯಲ್ಲೂ ಪಿಸುಮಾತಿಗೆ ಇಳಿಯುತ್ತಾನೆ. ಸಿನಿಮಾದ್ದು ಕೊನೆಯ ಹತ್ತು ನಿಮಿಷದಲ್ಲಿ ಬೀಳುತ್ತದೆ, ಇದು ಪುಸ್ತಕ ಮುಚ್ಚಿದರೂ ಬೀಳುವುದಿಲ್ಲ. ಎರಡರಲ್ಲೂ ಒಂದು ಧ್ವನಿವರ್ಧಕ ಇದ್ದೇ ಇರುತ್ತದೆ. ಅದರ ದನಿಗೆ ಕೋಪವಿಲ್ಲ, ಸುಸ್ತಿಲ್ಲ. ಕರೆದರೆ ಊರೆಲ್ಲ ಎದ್ದು ಬರುತ್ತದೆ. ಮತ್ತೆ, ಸತ್ತವರನ್ನು ಎರಡೂ ಅಳಿಸುತ್ತವೆ, ಹುಟ್ಟೇ ಇರಲಿಲ್ಲ ಎಂಬಷ್ಟು ಚೊಕ್ಕಟವಾಗಿ.

ಇಲ್ಲೇ ನನ್ನ ತಕರಾರು. ನಮ್ಮೂರಿನದು ಉಲ್ಟಾ. ಪುರಸಭೆಯ ಕಸದ ಆಟೋಗೆ ನಾನು ಪ್ರಾಸ ಕಟ್ಟಿಕೊಟ್ಟದ್ದು, ಮಹಿಳಾ ಸಂಘದ ಹೆಂಗಸರಲ್ಲಿ ದನಿ ಚೆಂದವೆಂದು ನಿಮ್ಮಮ್ಮನಿಂದಲೇ ಓದಿಸಿ ಗಾಡಿಯ ಮೈಕಿಗೆ ರೆಕಾರ್ಡ್ ಮಾಡಿಸಿದ್ದು ನಿನಗೆ ಗೊತ್ತು. 'ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿ ಡಬ್ಬಿಗೆ, ಬೀದಿಗೆ ಎಸೆದರೆ ದಂಡ ಜೇಬಿಗೆ.' ಚೀಟಿ ನೋಡಿ ಸುನಂದ ನಕ್ಕಿದ್ದಳು: "ರೀ, ಇದನ್ನ ಓದಿದ್ರೆ ಜನ ನನ್ನೇ ಆ ಗಾಡಿಗೆ ಹಾಕ್ತಾರೆ." ಓದಿದ ಮೇಲೆ ಕೊನೆಗೊಂದು ಸಣ್ಣ ಕೆಮ್ಮು, ಅದೂ ರೆಕಾರ್ಡಿನಲ್ಲಿ ಉಳಿಯಿತು. ಆಗ ಅದನ್ನು ಬರೀ ಕೆಮ್ಮು ಅಂದುಕೊಂಡೆವು.

ಶ್ರಾವಣದಲ್ಲಿ ಅವಳನ್ನು ಮಣ್ಣು ಮಾಡಿ ಬಂದೆವು. ಮಾರನೆಯ ಬೆಳಿಗ್ಗೆ ಅವಳು ಬೀದಿಯ ತಿರುವಿನಲ್ಲಿ ಕೂಗುತ್ತ ಬಂದಳು. ದಸರಾ ರಜೆಗೆ ಬಂದವಳು ನೀನು, ಕಿವಿ ಮುಚ್ಚಿಕೊಂಡು ಬಚ್ಚಲಲ್ಲಿ ಕೂತೆ. ಸಂಜೆಯ ಬಸ್ಸಿಗೇ ಹೊರಟೆ. "ಅದು ನಿಲ್ಲೋವರ್ಗೂ ಬರಲ್ಲಪ್ಪ" ಅಂದೆ. ಡ್ರೈವರ್ ಶಾನವಾಜ್ ಕೂಡ ಒಂದು ದಿನ ಅಭ್ಯಾಸಬಲದಿಂದ, "ಸಾರ್, ಅಕ್ಕ ಕರೀತಾವ್ರೆ, ಡಬ್ಬಿ ಎಲ್ಲಿ?" ಅಂದವನು, ಆಮೇಲೆ ನನ್ನ ಮುಖ ನೋಡಲಾರದೆ ಸ್ಟೇರಿಂಗ್ ಒರೆಸುತ್ತ ಕೂತ.

ಆ ದನಿ ನಿಲ್ಲಿಸಲು ಅರ್ಜಿ ಕೊಟ್ಟಿದ್ದೇನೆ. ಸರ್ಕಾರ ಯೋಚಿಸುತ್ತಿದೆ, ಸರ್ಕಾರಗಳು ನಿಧಾನವಾಗಿ ಯೋಚಿಸುತ್ತವೆ. ಇದನ್ನೂ ನಿನ್ನ ಪ್ರಬಂಧಕ್ಕೆ ಸೇರಿಸಿಕೋ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚು. ನಿನ್ನ ರೂಮಿನ ಹುಡುಗಿಯರಿಗೂ ನನ್ನ ಆಶೀರ್ವಾದ.

ನಿನ್ನ ಅಪ್ಪ,
ಉಮಾಶಂಕರ್

ಮರೆತ ಮಾತು: ಅರ್ಜಿ ಕೊಟ್ಟಿಲ್ಲ ಮೌನೀ. ಕೊಡೋಕೇ ಹೋಗಿದ್ದೆ. ನಾನು ಬಾಯಿ ಬಿಡೋ ಮೊದಲೇ, ಹೊಸ ದನಿ ಹಾಕಿಸ್ತೀವಿ ಅಂತ ಪುರಸಭೆಯವರೇ ಅಂದರು. ಬೇಡ ಅಂತ ಕೈ ಮುಗಿದು ಬಂದೆ. ಒಬ್ಬನ ಮನೆಯಲ್ಲಿ ಎಷ್ಟು ಕಸ ಆಗುತ್ತೆ? ಖಾಲಿ ಡಬ್ಬಿ ಹಿಡಿದು ದಿನಾ ಗೇಟಲ್ಲಿ ನಿಲ್ತೀನಿ. ಉಗಾದಿಗೆ ಬಾ. ನೀನಿರೋವಷ್ಟು ದಿನ ನಮ್ಮ ಬೀದಿಯಲ್ಲಿ ಮೈಕ್ ಆಫ್ ಮಾಡ್ತೀನಿ ಅಂದಿದ್ದಾನೆ ಶಾನವಾಜ್. ನೀನು ಹೋದಮೇಲೆ ಮತ್ತೆ ಹಾಕಿಸ್ಕೋತೀನಿ ಕಣೇ. ನನಗೆ ಆ ಕೆಮ್ಮು ಬೇಕು.