ಹತ್ತೊಂಬತ್ತು ಸಲ ಕೇಳಿದ ಪ್ರಶ್ನೆ

ಔಷಧದಂಗಡಿಯ ಹಿಂದಿನ ಕೋಣೆ
ಜೂನ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೇ? ಅಪ್ಪ ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದೀಯೋ, ಜೊತೆಯವರಿಗೆ ಹಂಚಿ ಪುಣ್ಯ ಕಟ್ಟಿಕೊಳ್ಳುತ್ತಿದ್ದೀಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಅದರ ವರ್ಣನೆ ಮಾತ್ರ ಕಡಿಮೆಯಾಗಿಲ್ಲ.

ಸೀಸೆಗಳ ಲೇಬಲ್ ಮುದ್ರಿಸಲು ನೀನು ಬರೆದುಕೊಟ್ಟು ಹೋದ ಪ್ರೋಗ್ರಾಂ ನಿನ್ನೆ ಬೆಳಿಗ್ಗೆ ಮೌನವ್ರತ ಹಿಡಿಯಿತು. ಸಾಲಿನಲ್ಲಿ ಮೊದಲು ನಿಂತವರ ಹೆಸರು ತುಂಬಿ ಅಪ್ಪ ಗುಂಡಿ ಒತ್ತಿದರು, ಲೇಬಲ್ ಬರಲಿಲ್ಲ. ಮತ್ತೆ ಒತ್ತಿದರು. ಮೊದಲು ನಿಂತವರ ಹಿಂದೆ ಇನ್ನೂ ಆರು ಜನ ಕೆಮ್ಮುತ್ತ ನಿಂತಿದ್ದರು. ಅಪ್ಪನ ವಿಷಯ ಗೊತ್ತಲ್ಲ, ಲಿಫ್ಟಿನ ಗುಂಡಿಯನ್ನೂ ಬಾಗಿಲು ಬಡಿದ ಹಾಗೆ ಒತ್ತುವವರು. "ಮಧ್ಯಾಹ್ನದೊಳಗೆ ಇದು ಬಾಯಿ ಬಿಡದಿದ್ರೆ ಎತ್ತಿ ಅಟ್ಟಕ್ಕೆ ಹಾಕ್ತೀನಿ. ನಾನು ಕೈಯಲ್ಲೇ ಬರೀತೀನಿ" ಎಂದರು. ನನಗೆ ಹೆದರಿಕೆಯಾಯಿತು. ಅಪ್ಪನ ಅಕ್ಷರವನ್ನು ಮರುದಿನ ಅಪ್ಪನೇ ಓದಲಾರರು. ಕಾಯಿಲೆಯವರು ಅದನ್ನು ನೋಡಿ ಯಾವುದನ್ನು ಎಷ್ಟು ಕುಡಿದಾರು!

ನಿನ್ನ ಪ್ರೋಗ್ರಾಂ ತಾನಾಗಿ ಏನನ್ನೂ ಮುದ್ರಿಸುವುದಿಲ್ಲ, ಒಳಗಿನಿಂದಲೇ ಇನ್ನೊಂದು ಹಳೆಯ ಪ್ರೋಗ್ರಾಮನ್ನು ಕರೆದು ಕೆಲಸ ಮಾಡಿಸುತ್ತದೆ ಎಂದು ನೀನು ಬರೆದಿಟ್ಟ ಚೀಟಿಯಿಂದ ತಿಳಿಯಿತು. ಅದನ್ನು ಕರೆಯುವ ಸಾಲನ್ನು, ಅಪ್ಪ ತುಂಬಿದ್ದ ಅದೇ ಹೆಸರು ಸೇರಿಸಿ, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ನಾನೇ ಟೈಪ್ ಮಾಡಿದೆ. ಅದು ಬಹಳ ವಿನಯದಿಂದ ಕೇಳಿತು: ಈ ಹೆಸರಿನ ಲೇಬಲ್ ಆಗಲೇ ಇದೆ, ಅಳಿಸಿ ಹೊಸದು ಬರೆಯಲೇ? ಪಾಪ, ಬೆಳಿಗ್ಗೆಯಿಂದ ಕೇಳುತ್ತಲೇ ಇತ್ತು! ನೋಡಲು ಚೆಂದವಿರಲಿ ಎಂದು ನೀನು ಅದರ ಪರದೆಯನ್ನೇ ಮರೆಮಾಡಿದ್ದೆ. ಅಪ್ಪ ಒತ್ತಿದಾಗಲೆಲ್ಲ ಆ ಹಳೆಯ ಪ್ರೋಗ್ರಾಮಿನ ಹೊಸ ಪ್ರತಿಯೊಂದು ಎದ್ದು ಬಂದು ಕೂತಿತ್ತು. ಎಣಿಸಿದೆ, ಹತ್ತೊಂಬತ್ತು. ಒಳಗೆ ಹತ್ತೊಂಬತ್ತು ಮಂದಿ ಒಂದೇ ಪ್ರಶ್ನೆ ಹಿಡಿದು ಕಾಯುತ್ತಿದ್ದರು; ಹೊರಗೆ ನಾವು ಅವರನ್ನೇ ಮೂಗರೆಂದು ಬೈಯುತ್ತಿದ್ದೆವು. ಅವರನ್ನೆಲ್ಲ ಸಾಗಹಾಕಿ, ನನ್ನೆದುರಿಗಿದ್ದ ಒಂದಕ್ಕೆ ಹೌದು ಎಂದೆ. ಲೇಬಲ್ ಬಂತು. "ನೋಡಿದ್ಯಾ? ಗಟ್ಟಿಯಾಗಿ ಒತ್ತಬೇಕು ಅಷ್ಟೇ" ಎಂದರು ಅಪ್ಪ.

ಅಮ್ಮ ನಿನಗೆ ಆಶೀರ್ವಾದದ ಜೊತೆ, ಒದ್ದೆ ತಲೆಯಲ್ಲಿ ಗಾಳಿಗೆ ನಿಲ್ಲಬಾರದೆಂಬ ಅಪ್ಪಣೆಯನ್ನೂ ಕಳಿಸಿದ್ದಾಳೆ.

ಇಂತಿ,
ನಿನ್ನ ಅಕ್ಕ

ಅವಸರದಲ್ಲಿ: ಪ್ರೋಗ್ರಾಂ ತಾನಾಗಿಯೇ ಹೌದು ಎನ್ನುವಂತೆ ತಿದ್ದಿ ಕಳಿಸೀಯೆ, ಜೋಕೆ. ಆ ಹೆಸರಿನವರು ಇಬ್ಬರಿದ್ದಾರೆ. ನನ್ನ ಒಂದು ಹೌದಿಗೆ ಒಬ್ಬರ ಕಣ್ಣಿನ ಹನಿಯ ಲೇಬಲ್ ಅಳಿಸಿಹೋಗಿ, ಇನ್ನೊಬ್ಬರ ಕಿವಿಯದು ಅಲ್ಲಿ ಕೂತಿತ್ತು. ಸಂಜೆ ಕಣ್ಣಿನವರು ಎರಡನೇ ಸೀಸೆಗೆ ಬಂದರು; ಅವರ ಹೆಸರಿನಲ್ಲಿ ಉಳಿದಿದ್ದ ಲೇಬಲನ್ನು ಮತ್ತೆ ಮುದ್ರಿಸಿದರೆ ಕಿವಿಗೆ ಹಾಕುವುದೆಂದು ಬಂತು. ಅಪ್ಪ ಯಾವ ಲೇಬಲನ್ನೂ ಗಟ್ಟಿಯಾಗಿ ಓದದೆ ಕೊಡುವವರಲ್ಲ, ಅದರಿಂದ ಬಚಾವಾದೆವು. ಇನ್ನು ಕಂಪ್ಯೂಟರಿಗೆ ಅಟ್ಟವೇ ಗತಿ ಎಂದುಕೊಂಡೆ. ಅಪ್ಪ ಕನ್ನಡಕ ಒರೆಸುತ್ತ, "ಅದ್ಯಾಕೆ? ಅದು ಕೇಳಬೇಕಾದ್ದನ್ನೇ ಕೇಳಿದೆ. ಅದರ ಬಾಯಿ ಮುಚ್ಚಿಸಿದ್ದು ನಿನ್ನ ತಮ್ಮ. ಮರೆ ತೆಗೆಯೋಕೆ ಹೇಳು ಅವನಿಗೆ, ಉತ್ತರ ನಾನು ಕೊಡ್ತೀನಿ" ಎಂದರು.