ಶೆಡ್ಡಿನ ದೀಪ

ಆರ್‌ಪಿಸಿ ಲೇಔಟ್, ಬೆಂಗಳೂರು
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಹರಿಹರದ ಆ ಮನೆಯ ಮೆಟ್ಟಿಲು ನಿನಗೆ ಒಗ್ಗುವುದಿಲ್ಲ ಎಂದು ಗೊತ್ತಿದ್ದೂ ಕಳಿಸಿದೆವು. ದೊಡ್ಡವ್ವ ಹಾಸಿಗೆ ಹಿಡಿದಿರುವಾಗ ನಿನ್ನನ್ನು ತಡೆಯುವವರು ಯಾರು? ಅವರಿಗೆ ಗಂಜಿಯಾದರೂ ಇಳಿಯುತ್ತಿದೆಯಾ? ನಿನ್ನ ಬಿಪಿ ಮಾತ್ರೆ ನುಂಗುತ್ತಿದ್ದೀಯಾ? ಅಕ್ಕನ ಮಾತ್ರೆ ಹೊತ್ತುಹೊತ್ತಿಗೆ ಕೊಟ್ಟು ನಿನ್ನದನ್ನು ಮರೆಯುವವಳು ನೀನು. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಸ್ಪೀಕರ್ ಹಾಕಿದರೆ ಇಡೀ ಮನೆಗೆ ಕೇಳಿಸುತ್ತದೆ. ಇದು ನೀನೊಬ್ಬಳೇ ಕನ್ನಡಕ ಹಾಕಿಕೊಂಡು ಓದಬೇಕಾದ ವಿಷಯ. ರೇವಣಸಿದ್ದಯ್ಯನವರು ಶನಿವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ನನ್ನ ಓದು ನಡೆದಿದೆ. ಈ ವಯಸ್ಸಿನಲ್ಲಿ ಎಲ್‌ಎಲ್‌ಎಂ ಯಾಕೆ ಎಂದು ಕೇಳಿ ಕೇಳಿ ಅಕ್ಕಪಕ್ಕದವರಿಗೂ ಸಾಕಾಗಿದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿಯುವವರೆಗೆ ಕವಿತೆ ಓದುತ್ತೇನೆ, ಇಳಿದ ಮೇಲೆ ವಿಮೆಯ ಕಾನೂನು. ಕ್ಲಾಸಿನ ಹುಡುಗಿಯರಿಗೆ ನಾನು ಆಂಟಿ, ನೋಟ್ಸ್ ಬೇಕಾದಾಗ ಮಾತ್ರ ಅಕ್ಕ. ಪಾಠ ಮಾಡುವ ಪುರುಷೋತ್ತಮ ಸರ್ ನನಗಿಂತ ಚಿಕ್ಕವರು, ಬಹಳ ಮೆತ್ತಗೆ ಮಾತಾಡುತ್ತಾರೆ. ಆ ಮೆತ್ತಗಿನ ಮಾತೇ ಈಗ ನನ್ನ ನಿದ್ದೆ ಕೆಡಿಸಿರುವುದು. ವಿಮೆ ಬೇರೆ ವ್ಯವಹಾರಗಳ ಹಾಗಲ್ಲ ಎಂದರು. ಸೈಟು ಕೊಳ್ಳುವವನು ತಾನೇ ನಾಲ್ಕು ಕಡೆ ವಿಚಾರಿಸಿಕೊಳ್ಳುತ್ತಾನೆ. ವಿಮೆಯಲ್ಲಿ ಕಂಪನಿಗೆ ಏನೂ ಗೊತ್ತಿರುವುದಿಲ್ಲ, ಜಾಗದ ಅಪಾಯ ಗೊತ್ತಿರುವುದು ಮಾಡಿಸುವವನಿಗೆ. ಆದ್ದರಿಂದ ಅವನು ಕೇಳಿದ್ದನ್ನು ಮಾತ್ರವಲ್ಲ, ಕೇಳದೇ ಇದ್ದದ್ದನ್ನೂ ಹೇಳಬೇಕು. ಮರೆತು ಬಿಟ್ಟರೂ ಮುಚ್ಚಿಟ್ಟ ಹಾಗೇ. ಇಷ್ಟು ಹೇಳಿ ಒಂದು ಕೆಲಸ ಕೊಟ್ಟರು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗಕ್ಕೆ ಹೊಸಬರ ಹಾಗೆ ಹೋಗಿ, ಅಲ್ಲಿನ ಅಪಾಯ ನೋಡಿ ಬರೆದು ತನ್ನಿ. ಅಪ್ಪ ಲೇತ್ ನಡೆಸಿದ, ಈಗ ನಿನ್ನ ಮಗ ಉದಯ ಸೋಫಾ ಮಾಡಿಸುವ ನಮ್ಮ ಶೆಡ್ಡಿನ ಬಗ್ಗೆಯೇ ಬರೆಯೋಣ ಎಂದುಕೊಂಡೆ. ಎಂದುಕೊಳ್ಳಬಾರದಿತ್ತು.

ಸೋಮವಾರ ಮಧ್ಯಾಹ್ನ ರಾಜಾಜಿನಗರಕ್ಕೆ ಹೋದೆ. ಆ ಶೆಡ್ಡಿನಲ್ಲಿ ಆಡಿ ಬೆಳೆದವಳಿಗೆ ಹೊಸಬಳಾಗುವುದು ಸುಲಭವಲ್ಲ. ಬಾಗಿಲಲ್ಲಿ ನಿಂತಾಗ ಇಲ್ಲದ ಲೇತ್ ಮಷಿನ್ನಿನ ಸದ್ದು ಕೇಳಿಸಿತು, ಅಪ್ಪನ ಅಂಗಿಯ ಎಣ್ಣೆ ವಾಸನೆ ಬಂತು. ಆಮೇಲೆ ಕಣ್ಣು ಬಿಟ್ಟು ನೋಡಿದೆ. ಸೂರಿನವರೆಗೆ ಫೋಮ್ ಹಾಳೆಗಳು, ರೆಕ್ಸಿನ್ ಸುರುಳಿಗಳು, ಸೋಫಾಕ್ಕೆ ಫೋಮ್ ಅಂಟಿಸುವ ಸಲ್ಯೂಷನ್ ಡಬ್ಬಗಳು, ಎರಡಕ್ಕೆ ಮುಚ್ಚಳವೇ ಇಲ್ಲ. ಮೂಗಿಗೆ ಪೆಟ್ರೋಲ್ ಬಂಕಿನ ವಾಸನೆ. ಇವೆಲ್ಲದರ ನಡುವೆ ಗೋಡೆಯ ಗೂಡಿನಲ್ಲಿ, ಬಸವಣ್ಣನ ಫೋಟೋದ ಮುಂದೆ, ಅಪ್ಪನ ನಂದಾದೀಪ. ಕಾರ್ತಿಕ ಸೋಮವಾರವೆಂದು ಉದಯ ಅದರ ಪಕ್ಕದಲ್ಲಿ ಸಾಲಾಗಿ ಹಣತೆಗಳನ್ನೂ ಇಟ್ಟಿದ್ದ. ಸೆಕೆಗೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಕುಡಿಗಳೆಲ್ಲ ಫೋಮಿನ ಕಡೆಗೆ ಬಾಗಿದ್ದವು.

ಅಪ್ಪ ಮೊದಲ ಲೇತ್ ಇಳಿಸಿದ ದಿನ ನೀನು ಹಚ್ಚಿದ ದೀಪ ಅದು. ಅಪ್ಪ ಹೋದ ದಿನ ನೆಂಟರು ಬೇಡವೆಂದರೂ, “ನಮಗೆಲ್ಲೀದವಾ ಸೂತಕ” ಎಂದು ನೀನೇ ಹೋಗಿ ಎಣ್ಣೆ ಹಾಕಿ ಬಂದೆ. ಅದನ್ನೆಲ್ಲ ಮರೆತಿಲ್ಲ. ನಾನು ಓದಿದ ಕವಿತೆಗಳಲ್ಲೆಲ್ಲ ದೀಪ ಒಳ್ಳೆಯದೇ, ಒಂದರಲ್ಲೂ ಅದು ಯಾರನ್ನೂ ಸುಟ್ಟಿಲ್ಲ. ಆದರೆ ಅಪ್ಪನ ಕಾಲದಲ್ಲಿ ಅದರ ಸುತ್ತ ಇದ್ದದ್ದು ಕಬ್ಬಿಣ. ದೀಪ ಇದ್ದಲ್ಲೇ ಇದೆ, ಸುತ್ತಲಿನದು ಬದಲಾಗಿದೆ. ನಾವು ಯಾರೂ ಅದನ್ನು ನೋಡಲಿಲ್ಲ, ಯಾಕೆಂದರೆ ಆ ಕಡೆ ತಿರುಗಿದಾಗಲೆಲ್ಲ ಕಣ್ಣು ಮುಚ್ಚಿ ಕೈ ಮುಗಿದಿದ್ದೇವೆ.

ಗೂಡಿನ ಕೆಳಗಿದ್ದ ಫೋಮ್ ತುಂಡೊಂದರ ಅಂಚಿನಲ್ಲಿ ಕಂದು ಕಲೆ ಇತ್ತು, ರೂಪಾಯಿಯಷ್ಟು ಅಗಲ. ಇದೇನು ಎಂದು ಫೋಮ್ ಕತ್ತರಿಸುತ್ತಿದ್ದ ಭೈರೇಶಣ್ಣನನ್ನು ಕೇಳಿದೆ. ಅವನು ಹೆಬ್ಬೆರಳಿನಿಂದ ಅದನ್ನು ಕೆರೆದು, “ಹೋದ್ವಾರದ್ದು ಅಕ್ಕಾವ್ರೆ. ಬತ್ತಿ ಕಿಡಿ ಹಾರಿತ್ತು, ನಾನೇ ಇದ್ದೆ, ಕೈಯಲ್ಲೇ ಹೊಸ್ಕಾಕ್ದೆ” ಎಂದು ನಕ್ಕ. ನಾನು ತಲೆ ಎತ್ತಿ ನೋಡಿದೆ. ಮೇಲೆ ಅಟ್ಟದಲ್ಲಿ ಅವನ ಚಾಪೆ ಸುತ್ತಿಟ್ಟಿತ್ತು. ಮಾಗಡಿಗೆ ಹೋಗುವುದು ವಾರಕ್ಕೊಮ್ಮೆ, ಉಳಿದ ರಾತ್ರಿಗಳೆಲ್ಲ ಅವನು ಮಲಗುವುದು ಅಲ್ಲೇ. ಇಳಿಯಲು ಒಂದೇ ಮರದ ಏಣಿ, ಅದು ನಿಂತಿರುವುದು ಗೂಡಿನ ಪಕ್ಕದಲ್ಲೇ. ಉದಯ ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಮನೆಗೆ ಹೋಗುತ್ತಾನೆ, ಕಳ್ಳರ ಭಯಕ್ಕೆ. ಹಿತ್ತಿಲ ಬಾಗಿಲಿಗೆ ರೆಕ್ಸಿನ್ ಪೇರಿಸಿದ್ದಾರೆ.

ಗಿರಾಕಿ ಹೋದ ಮೇಲೆ ಉದಯನಿಗೆ ಮೆಲ್ಲಗೆ ಹೇಳಿದೆ. ಮೊದಲು ತಮಾಷೆ ಮಾಡಿದ. “ನಿನ್ ಓದು ಮುಗಿಯೋದ್ರೊಳಗೆ ನಮ್ಮನ್ನೆಲ್ಲ ಹೆದ್ರಿಸೇ ಸಾಯಿಸ್ತೀಯ ಅಕ್ಕ.” ವಿಮೆ ಇದೆಯಲ್ಲ ಎಂದ. ಮಾಡಿಸುವಾಗ ಏಜೆಂಟ್ ಏಕಾಂತಯ್ಯನವರು ಒಳಗೆ ಬೆಂಕಿ ಉರಿಸುವುದುಂಟೇ ಎಂದು ಕೇಳಿದ್ದರಂತೆ, ಇವನು ಇಲ್ಲ ಎಂದನಂತೆ. ದೀಪ ಎಂದೆ. ಅವನು ನಿಜವಾಗಿಯೂ ಆಶ್ಚರ್ಯಪಟ್ಟ. “ದೀಪ ಬೆಂಕಿನಾ? ಏಕಾಂತಯ್ಯನವರೇ ಅದ್ಕೆ ಕೈ ಮುಗ್ದು, ವಿಭೂತಿ ಹಚ್ಕೊಂಡು ಹೋದ್ರಲ್ಲೇ!” ಅವ್ವಾ, ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರಿಗೂ ಅದು ಹೊಳೆಯಲೇ ಇಲ್ಲ. ಭಯ ಹುಟ್ಟಿಸುವುದು ಅದೇ. ದೀಪವನ್ನು ಮನೆಗೆ ತಂದಿಟ್ಟುಕೊಳ್ಳೋಣ, ಏಕಾಂತಯ್ಯನವರಿಗೂ ಇದ್ದದ್ದು ಇದ್ದ ಹಾಗೆ ಹೇಳೋಣ ಎಂದೆ. ಅವನ ಮುಖ ಬಿಗಿಯಿತು. “ಅಪ್ಪನ ದೀಪ ತೆಗಿ ಅಂತ ನನ್ ಬಾಯಲ್ಲಿ ಬರಲ್ಲ ಕಣೇ. ಅವ್ವ ಹೇಳ್ಲಿ.” ರಾತ್ರಿ ಶಟರ್‌ಗೆ ಒಳಗಿನಿಂದ ಚಿಲಕ ಹಾಕಿಸುವುದಕ್ಕೆ ಮಾತ್ರ ಒಪ್ಪಿದ, ಅದೂ ಕೊಯಮತ್ತೂರಿನಿಂದ ಬಂದ ಮೇಲಂತೆ. ನಿನ್ನೆ ಹೊರಟ, ಸೋಮವಾರ ಬರುತ್ತಾನೆ. ಅಲ್ಲಿಯವರೆಗೆ ಶೆಡ್ಡಿನ ಬೀಗದ ಕೈ ನನ್ನ ಹತ್ತಿರ ಇದೆ.

ಪುರುಷೋತ್ತಮ ಸರ್‌ಗೆ ಬರೆದು ಕೊಡಬೇಕಾದದ್ದು ಹಾಗೇ ಇದೆ. ದುಡ್ಡಿನ ಮಾತಾದರೆ ಪುಟ ತುಂಬಿಸಬಹುದು, ಯಾವ ನಷ್ಟವನ್ನು ಯಾರು ಹೊರಬೇಕು ಎನ್ನುವುದಕ್ಕೆ ನಿಯಮಗಳಿವೆ. ಅಟ್ಟದ ಮೇಲಿನ ಚಾಪೆಯ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೂ ಬೆಚ್ಚುತ್ತೇನೆ, ರಸ್ತೆಯಲ್ಲಿ ಸೈರನ್ ಕೇಳಿದರೆ ಯಾವ ಕಡೆಗೆ ಹೋಗುತ್ತಿದೆ ಎಂದು ಬಾಲ್ಕನಿಗೆ ಓಡುತ್ತೇನೆ. ನೀನು ಉದಯನಿಗೆ ಒಂದು ಮಾತು ಹೇಳು, ಅವ್ವಾ. ದೀಪ ಆರಿಸು ಎನ್ನುತ್ತಿಲ್ಲ, ಜಾಗ ಬದಲಿಸು ಎಂದರೆ ಸಾಕು. ಅವನು ಅಪ್ಪನ ಮಾತಿನಷ್ಟೇ ನಿನ್ನ ಮಾತಿಗೆ ಬೆಲೆ ಕೊಡುತ್ತಾನೆ.

ದೊಡ್ಡವ್ವನ ಪಾದಕ್ಕೆ ನನ್ನ ಶರಣು ಹೇಳು. ಚಳಿ ಶುರುವಾಗಿದೆ, ಸಂಜೆ ಅಂಗಳದಲ್ಲಿ ಕೂರಬೇಡ. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಸೌಮ್ಯಶ್ರೀ

ಮ.ವಿ.: ಶನಿವಾರ. ರೇವಣಸಿದ್ದಯ್ಯನವರು ಬಂದು ಕಾಫಿ ಕುಡಿಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನ ಉತ್ತರಕ್ಕೆ ಕಾಯಲು ನನ್ನಿಂದ ಆಗಲಿಲ್ಲ. ಇವತ್ತು ಬೆಳಿಗ್ಗೆ ಶೆಡ್ಡಿಗೆ ಹೋಗಿ ದೀಪದಿಂದ ಲಾಟೀನಿಗೆ ಕುಡಿ ಹತ್ತಿಸಿಕೊಂಡು, ಗೂಡಿನದನ್ನು ನನ್ನ ಕೈಯಾರೆ ಶಾಂತ ಮಾಡಿ ಆಟೋ ಹತ್ತಿದೆ. ಸೆರಗು ಅಡ್ಡ ಹಿಡಿದೇ ಇದ್ದೆ. ಮಾಗಡಿ ರಸ್ತೆಯ ಹಳ್ಳವೊಂದರಲ್ಲಿ ಆಟೋ ಎತ್ತಿಹಾಕಿತು, ಲಾಟೀನು ಆರಿತು. ಈಗ ನನ್ನ ಮನೆಯ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಉರಿಯುತ್ತಿರುವುದು ನಾನು ಬೆಂಕಿಕಡ್ಡಿ ಗೀರಿ ಹಚ್ಚಿದ್ದು. ನೋಡಿದರೆ ಅದೇ ದೀಪದ ಹಾಗೆ ಇದೆ, ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀನು ಕೇಳುವವಳೂ ಅಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಉದಯನಿಗೂ ಸೋಮವಾರ ನಾನೇ ಹೇಳುತ್ತೇನೆ, ಅಷ್ಟರಲ್ಲಿ ಭೈರೇಶಣ್ಣನಿಂದ ಗೊತ್ತಾಗಿ ಅವನು ನಿನಗೆ ಫೋನ್ ಮಾಡಿ ಕೂಗಾಡಬಹುದು. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಅವ್ವಾ, ಆದರೆ ಗೂಡಿನಲ್ಲಿ ಮತ್ತೆ ಹಚ್ಚು ಎಂದು ಮಾತ್ರ ಅವನಿಗೆ ಹೇಳಬೇಡ. ಇವತ್ತು ಭೈರೇಶಣ್ಣ ಕತ್ತಲಲ್ಲಿ ಮಲಗುತ್ತಾನೆ. ಶಟರ್ ತೆರೆದೇ ಇರುತ್ತದೆ, ಬೀಗ ನನ್ನ ಚೀಲದಲ್ಲಿದೆ.