ನಾನು ಕೇಳದ ಪ್ರಬೋಧನೆ

ನವೆಂಬರ್ ೧೪, ಗುರುವಾರ

ಅಮ್ಮಾ, ಯೇಸುವಿಗೆ ಸ್ತೋತ್ರ.

ನಿನ್ನ ಕಾಗದ ಸೋಮವಾರ ಕೈಸೇರಿತು. ಅದರೊಳಗೆ ಇನ್ನೊಂದು ಕಾಗದ ಮಡಿಸಿಟ್ಟು, ಇಲ್ಲಿಯ ಫಾದರಿಗೆ ಕೊಡು, ಅವರಿಗೆ ಕನ್ನಡ ಬಾರದಲ್ಲ, ನೀನೇ ಓದಿ ಅರ್ಥ ಹೇಳು ಎಂದಿದ್ದೀಯ. ಓದಿದೆ. ‘ಗುರುಗಳೇ, ನಿಮ್ಮ ಕೈಗೆ ಮುತ್ತು. ಹನ್ನೊಂದು ವರ್ಷ ಚರ್ಚಿನ ಮೆಟ್ಟಿಲು ಹತ್ತದ ನನ್ನ ಗಂಡ ನಿಮ್ಮ ಪ್ರಬೋಧನೆಯಿಂದ ಮನಸ್ಸು ತೊಳೆದುಕೊಂಡು ಹೋದರು. ಅವರ ಮೂವತ್ತನೇ ದಿನದ ಪೂಜೆ ನೀವೇ ಮಾಡಬೇಕು.’ ಅಕ್ಷರ ಎಷ್ಟು ದುಂಡಗಿವೆ. ಬಹಳ ಹೊತ್ತು ಕೂತು ಬರೆದಿರಬೇಕು ನೀನು. ಮೂರು ದಿನದಿಂದ ಅದು ನನ್ನ ದಿಂಬಿನಡಿ ಇದೆ.

ಅದನ್ನು ಯಾರಿಗೆ ಕೊಡಲಿ ಅಮ್ಮ? ಆ ಫಾದರ್ ಇಲ್ಲ. ಆ ಪ್ರಬೋಧನೆ ಬರೆದವಳು ನಾನು.

ಕಾಗದ ಮಡಿಸಬೇಡ, ಪೂರ್ತಿ ಓದು. ಈ ದೇಶಕ್ಕೆ ಬಂದ ಮೊದಲ ಭಾನುವಾರ ನಿಜವಾಗಿ ಚರ್ಚಿಗೆ ಹೋಗಿದ್ದೆ. ಎರಡು ಬಸ್ಸು ಬದಲಿಸಿ, ಖಾಲಿ ಹೊಟ್ಟೆಯಲ್ಲಿ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಪ್ರಾರ್ಥಿಸಿದವಳಿಗೆ ಅಲ್ಲಿ ‘ಆಮೆನ್’ ಒಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ, ಬರುವಾಗ ಬಸ್ಸಿನಲ್ಲಿ ಅತ್ತೆ. ಮರುವಾರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಾಲೇಜಿಗೆ ಅಡ್ಡಿಯಾಗದ ಪಾಳಿ ಬೇಕೆಂದರೆ ಹೊಸಬರಿಗೆ ಸಿಗುವುದು ಭಾನುವಾರ ಬೆಳಗಿನದೇ. ನಿನಗೆ ಶನಿವಾರ ಎಂದು ಬರೆದೆ. ಯಂತ್ರದಿಂದ ಹಾಸಿಗೆಯ ಬಟ್ಟೆಗಳು ಸುಡುಸುಡು ಬರುತ್ತವೆ. ಈ ತುದಿ ನಾನು ಹಿಡಿದರೆ ಆ ತುದಿ ಇನ್ನೊಬ್ಬಳು ಹಿಡಿಯುತ್ತಾಳೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಅವಳು ಗೋಣು ಆಡಿಸಿದರೆ ಮಡಿಸಬೇಕು, ಅಷ್ಟೇ. ನಿನ್ನ ಬಾಯಿಬಡುಕಿ ಮಗಳು ಎಂಟು ತಾಸು ಮೂಕಿ.

ನೀನು ಮಾತ್ರ ಬಿಡಲಿಲ್ಲ. ಫೋನಿನ ಮಾತು ಗಾಳಿಗೆ ಹೋಗುತ್ತೆ, ಫಾದರ್ ಏನು ಹೇಳಿದರು ಬರೆದು ಕಳಿಸು ಎಂದೆ. ಯಾಕೆಂದು ನನಗೆ ಗೊತ್ತಿಲ್ಲವೇ? ನಾನು ಚಿಕ್ಕವಳಿದ್ದಾಗಿನಿಂದ ನಮ್ಮನೆಯ ಕ್ರಮ ಅದು. ನೀನು ಪೂಜೆ ಮುಗಿಸಿ ಬಂದು, ತಲೆಯ ಮುಸುಕೂ ತೆಗೆಯದೆ, ಒಲೆ ಹಚ್ಚುತ್ತ ಪ್ರಬೋಧನೆಯನ್ನು ಗಟ್ಟಿಯಾಗಿ ಹೇಳುತ್ತಿದ್ದೆ, ನನಗೆ ಹೇಳಿದ ಹಾಗೆ. ಅಪ್ಪ ಪೇಪರಿನ ಹಿಂದೆ ಕೂತಿರುತ್ತಿದ್ದರು. ಹಾಳೆ ಮಾತ್ರ ತಿರುಗುತ್ತಿರಲಿಲ್ಲ. ನಿನ್ನ ಮಂಡಿ ಕೈಕೊಟ್ಟು ಚರ್ಚಿಗೆ ಹೋಗುವುದು ನಿಂತ ಮೇಲೆ ಆ ಜಾಗಕ್ಕೆ ನೀನು ಗಟ್ಟಿಯಾಗಿ ಓದುವ ನನ್ನ ಕಾಗದ ಬಂತು.

ಹಾಗಾಗಿ ಪ್ರಬೋಧನೆಗಳನ್ನು ನಾನೇ ಕಟ್ಟಿದೆ. ಊಟದ ಬಿಡುವಿನಲ್ಲಿ ಬಟ್ಟೆಯ ಗಂಟಿನ ಮೇಲೆ ಕೂತು, ಲೆಕ್ಕದ ಚೀಟಿಯ ಹಿಂಭಾಗದಲ್ಲಿ. ಮಜಾ ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಫಾದರಿಗೆ ಎಪ್ಪತ್ತು ವರ್ಷ ಮಾಡಿದೆ, ಕೆಮ್ಮು ಕೊಟ್ಟೆ. ನೀನೋ, ಪಾಪ ಬಿಸಿನೀರು ಕಾಯಿಸಿ ಕೊಡೋರು ಯಾರೂ ಇಲ್ವಾ ಎಂದು ಮರುಗಿದೆ. ಇಲ್ಲದ ಮನುಷ್ಯನಿಗಾಗಿ ನೀನು ಒಂದು ಜಪಸರವನ್ನೂ ಹೇಳಿದೆ.

ಆದರೆ ಅಕ್ಟೋಬರಿನದು ಮಜಕ್ಕೆ ಬರೆದದ್ದಲ್ಲ. ಅಪ್ಪನಿಗೆಂದೇ ಬರೆದೆ. ಅಜ್ಜಿ ಸತ್ತ ದಿನ ಅಪ್ಪ ಬಸ್ಸನ್ನು ಡಿಪೋಗೆ ಬಿಟ್ಟು ಓಡಿ ಬರುವಷ್ಟರಲ್ಲಿ ದೊಡ್ಡಪ್ಪ ಪೆಟ್ಟಿಗೆ ಮುಚ್ಚಿಸಿಬಿಟ್ಟಿದ್ದರಲ್ಲ. ಅರ್ಧ ಗಂಟೆ ಕಾಯಲಿಲ್ಲ. ತಾಯಿಯ ಮುಖ ಕಾಣದ ಅಪ್ಪ, ದೊಡ್ಡಪ್ಪ ಹಾಡುವ ಚರ್ಚಿಗೇ ಕಾಲಿಡಲಿಲ್ಲ. ಇಲ್ಲಿ ಬಂದು ಮಾತಿಲ್ಲದೆ ಬದುಕುವುದು ಏನೆಂದು ಗೊತ್ತಾದ ಮೇಲೆ, ಅಪ್ಪ ಅಣ್ಣನ ಜೊತೆ ಮಾತಾಡಲಿ ಅನಿಸಿತು. ‘ತಪ್ಪು ಯಾರದ್ದಾದರೂ ಇರಲಿ, ಮೊದಲು ಬಾಗಿಲು ತಟ್ಟಿದವನೇ ದೊಡ್ಡವನು’ ಎಂದು ಫಾದರ್ ಬಾಯಲ್ಲಿ ಹೇಳಿಸಿದೆ.

ಮುಂದಿನದು ನೀನೇ ಬರೆದಿದ್ದೀಯ. ಆ ಸಾಲು ಬಂದಾಗ ಅಪ್ಪ ಪೇಪರ್ ಕೆಳಗಿಟ್ಟು ನಕ್ಕರಂತೆ. ಇನ್ನೊಂದು ಸಲ ಓದಿಸಿದರಂತೆ. ಬಿಳಿ ಅಂಗಿ ಹಾಕಿಕೊಂಡು ನಡೆದೇ ಹೋದರಂತೆ. ದೊಡ್ಡಪ್ಪ ಕಿಟಕಿಯಿಂದ ನೋಡಿ ಚಿಲಕ ಹಾಕಿಕೊಂಡರು. ಅಪ್ಪ ಎರಡು ತಾಸು ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತು, ಎದ್ದು ಬರುವಾಗ ರಸ್ತೆಯಲ್ಲಿ ಬಿದ್ದರು. ಮೂರು ದಿನ ಆಸ್ಪತ್ರೆ. ಆಮೇಲೆ ಇಲ್ಲ.

ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ, ನನ್ನ ಮಾತು ಅಪ್ಪನನ್ನೇ ತಿಂದಿತು. ಪರೀಕ್ಷೆ, ವೀಸಾ ಎಂದು ಮಣ್ಣಿಗೂ ಬರಲಾಗಲಿಲ್ಲ. ಅಜ್ಜಿಯ ಮುಖ ಅವರಿಗೆ ಸಿಗಲಿಲ್ಲ, ಅವರ ಮುಖ ನನಗೆ ಸಿಗಲಿಲ್ಲ.

ಮೊನ್ನೆ ಆ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದೆ. ಇಲ್ಲಿಯ ಭಾಷೆಯಲ್ಲಿ ‘ಕಟ್ಟುಕತೆ’ಗೆ ಏನನ್ನುತ್ತಾರೋ ಗೊತ್ತಾಗದೆ ತೊದಲಿದೆ. ಇಲ್ಲಿಯ ನಿಜವಾದ ಫಾದರ್ ಇನ್ನೂ ಹುಡುಗರು, ಕೆಮ್ಮೂ ಇಲ್ಲ. ಪ್ರಾಯಶ್ಚಿತ್ತಕ್ಕೆ ಜಪ ಹೇಳಲಿಲ್ಲ. ನಿನ್ನ ತಾಯಿಗೆ ಬರೆ ಎಂದರು. ಮೂವತ್ತನೇ ದಿನದ ಪೂಜೆ ಮಾಡುತ್ತೇನೆ ಎಂದೂ ಒಪ್ಪಿದರು.

ಆ ಪ್ರಬೋಧನೆಯನ್ನು ನಮ್ಮೂರ ಫಾದರ್ ಮಣ್ಣಿನ ದಿನ ಓದಿದರು, ದೊಡ್ಡಪ್ಪ ಕೇಳಿ ಅತ್ತರು, ನೀನು ಅದನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದೀಯ. ನಿನಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಇಟ್ಟುಕೋ, ಹರಿದು ಹಾಕು, ನಿನ್ನಿಷ್ಟ. ನನಗೆ ಬರೆಯುವುದನ್ನು ಮಾತ್ರ ನಿಲ್ಲಿಸಬೇಡ ಅಮ್ಮ.

ನಿನ್ನ
ಬಾಯಿಬಡುಕಿ

ತಾ.ಕ.: ಕಾಗದದ ಅಂಚಿನಲ್ಲಿ ನೀನು ಬರೆದದ್ದನ್ನು ಇವತ್ತು ಮತ್ತೆ ಓದಿದೆ. ಆಸ್ಪತ್ರೆಯಲ್ಲಿ ಅಪ್ಪ, ಭಾನುವಾರ ಖಾಲಿ ಹೊಟ್ಟೇಲಿ ಹೋಗ್ಬೇಡ, ಏನಾದ್ರೂ ತಿಂದ್ಕೊಂಡು ಹೋಗು ಅಂತ ಅವಳಿಗೆ ಬರಿ ಎಂದರಂತೆ. ಪರಮಪ್ರಸಾದಕ್ಕೆ ಹೋಗೋರು ತಿನ್ನಲ್ಲ ಅನ್ನೋದೇ ಮರೆತಿದ್ದರು, ಬುದ್ಧಿ ಸ್ತಿಮಿತದಲ್ಲಿ ಇರಲಿಲ್ಲ ಎಂದು ನೀನು ಬರೆದಿದ್ದೀಯ. ಇತ್ತು ಅಮ್ಮ. ಬಾಗಿಲು ತಟ್ಟುವ ಆ ಮಾತು ಅಪ್ಪನದೇ. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಜಗಳವಾಡಿ ಮುಖ ಊದಿಸಿ ಕೂತಾಗಲೆಲ್ಲ ನನಗೆ ಹೇಳುತ್ತಿದ್ದರು. ನಾನು ಚರ್ಚಿಗೆ ಹೋಗುತ್ತಿಲ್ಲ, ಕೆಲಸಕ್ಕೆ ಹೋಗುತ್ತೇನೆ ಎಂದು ಆ ಸಾಲು ಕೇಳಿ ನಕ್ಕ ಅವತ್ತೇ ಅವರಿಗೆ ಗೊತ್ತಾಯಿತು. ಯಾವ ಫಾದರೂ ಹೇಳಿದ್ದಲ್ಲ, ನಾನು ಹೇಳಿದ್ದು ಎಂದು ಗೊತ್ತಿದ್ದೇ ಅಂಗಿ ಹಾಕಿಕೊಂಡು ಹೊರಟರು.